ಪಾದ ಉರಿಯುತ್ತಿದ್ದರೆ ಯಾವ ನಡಿಗೆ ಒಳ್ಳೆಯದು? ಶುಗರ್ ಇರುವವರಿಗೆ ಒಂದು ಹೋಲಿಕೆ

"ದಿನಾ ವಾಕಿಂಗ್ ಮಾಡಿ" ಅಂತ ಡಾಕ್ಟರ್ ಹೇಳುತ್ತಾರೆ. ಮನೆಗೆ ಬಂದು ನಾಲ್ಕು ಹೆಜ್ಜೆ ಹಾಕಿದರೆ ಅಂಗಾಲು ಕೆಂಡ ತುಳಿದ ಹಾಗೆ ಉರಿಯುತ್ತದೆ. ನಡೆಯದೆ ಕೂತರೆ ಶುಗರ್ ಏರುತ್ತದೆ. ಶುಗರ್ ಏರಿದರೆ ನರಗಳು ಇನ್ನಷ್ಟು ಸೊರಗುತ್ತವೆ. ನಡೆದರೂ ಕಷ್ಟ, ಬಿಟ್ಟರೂ ಕಷ್ಟ. ನನ್ನ ಅಮ್ಮ ಈ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ಇದ್ದರು.

ಒಂದು ಸಂಜೆ ವಾಕಿಂಗ್ ಮುಗಿಸಿ ಬಂದ ಅಮ್ಮ ಶೂ ಬಿಚ್ಚಿದರು. ಒಳಗಿನಿಂದ ಟಪ್ ಅಂತ ಒಂದು ಅಂಗಿ ಗುಂಡಿ ನೆಲಕ್ಕೆ ಬಿತ್ತು. ಅಂಗಾಲು ತಿರುಗಿಸಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಗುಂಡಿಯದೇ ಅಚ್ಚು. ಅದರ ನಾಲ್ಕು ತೂತುಗಳೂ ಮೂಡಿದ್ದವು. ಸುತ್ತ ಚರ್ಮ ಕೆಂಪಾಗಿತ್ತು. ಮುಕ್ಕಾಲು ಗಂಟೆ ಅದರ ಮೇಲೇ ನಡೆದಿದ್ದರು, ಗೊತ್ತೇ ಆಗಿರಲಿಲ್ಲ. ದಾರಿಯುದ್ದಕ್ಕೂ "ಬೆರಳು ಉರಿ, ಬೆರಳು ಉರಿ" ಅನ್ನುತ್ತಿದ್ದರು. ಉರಿಯುತ್ತಿದ್ದ ಬೆರಳುಗಳಿಗೆ ಏನೂ ಆಗಿರಲಿಲ್ಲ. ಏಟು ಬಿದ್ದಿದ್ದು ಸುಮ್ಮನಿದ್ದ ಜಾಗಕ್ಕೆ.

ಅವತ್ತಿನಿಂದ ನನ್ನ ಲೆಕ್ಕವೇ ಬದಲಾಯಿತು. ಯಾವ ನಡಿಗೆ, ಎಷ್ಟು ಹೊತ್ತು, ಯಾವ ಶೂ ಅನ್ನುವುದನ್ನು ನೋವನ್ನು ಕೇಳಿ ತೀರ್ಮಾನಿಸಬಾರದು. ಪಾದವನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬೇಕು. ಕೆಳಗಿನ ಹೋಲಿಕೆಗಳನ್ನೆಲ್ಲ ಈ ಒಂದು ಅಳತೆಗೋಲು ಇಟ್ಟುಕೊಂಡೇ ಮಾಡಿದ್ದೇನೆ.

ಮೊದಲು, ಇದು ಯಾವ ನೋವು?

"ಶುಗರ್ ಕಾಲು ನೋವು" ಅಂತ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಆದರೆ ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ನೋವುಗಳಿವೆ. ಒಂದಕ್ಕೆ ಸರಿಹೋಗುವ ನಡಿಗೆ ಇನ್ನೊಂದಕ್ಕೆ ತೊಂದರೆ ಕೊಡಬಹುದು.

ಮೊದಲನೆಯದು ನರದ ನೋವು. ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ, ಆಗಾಗ ಕರೆಂಟ್ ಹೊಡೆದ ಹಾಗೆ. ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ, ಬೆರಳ ತುದಿಯಿಂದ ಶುರುವಾಗಿ ಸಾಕ್ಸ್ ಹಾಕಿದ ಹಾಗೆ ನಿಧಾನವಾಗಿ ಮೇಲೇರುತ್ತದೆ. ರಾತ್ರಿ ಜಾಸ್ತಿ. ಹೊದಿಕೆ ತಾಗಿದರೂ ಸಹಿಸಲಾಗದಷ್ಟು ಆಗುವುದುಂಟು. ಹಗಲಲ್ಲಿ ಓಡಾಡುವಾಗ ಎಷ್ಟೋ ಜನಕ್ಕೆ ಇದು ಸ್ವಲ್ಪ ಕಡಿಮೆಯೇ ಇರುತ್ತದೆ. ಇದರ ಜೊತೆಗೇ ಸ್ಪರ್ಶವೂ ಸದ್ದಿಲ್ಲದೆ ಹೋಗುತ್ತಿರುತ್ತದೆ. "ಹತ್ತಿಯ ಮೇಲೆ ನಡೆದ ಹಾಗೆ" ಅನ್ನುತ್ತಾರಲ್ಲ, ಅದು. ಒಂದೇ ಪಾದದಲ್ಲಿ ಉರಿಯೂ ಇರುತ್ತದೆ, ಮರಗಟ್ಟಿದ ಜಾಗವೂ ಇರುತ್ತದೆ. ಅಮ್ಮನ ಪಾದ ಇದೇ ಥರ.

ಎರಡನೆಯದು ರಕ್ತ ಸಾಲದ ನೋವು. ನಿಂತಾಗ ಏನೂ ಇಲ್ಲ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಸುಮಾರು ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ. ಇದು ಕಾಲಿನ ರಕ್ತನಾಳ ಕಿರಿದಾಗಿರುವ ಲಕ್ಷಣ. ಮಲಗಿದಾಗಲೂ ಪಾದ ನೋಯುತ್ತಿದ್ದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಆರಾಮ ಅನಿಸಿದರೆ ಅದು ಇನ್ನೂ ಮುಂದುವರಿದ ಹಂತ. ಆಗ ವಾಕಿಂಗ್ ಯೋಚನೆ ಪಕ್ಕಕ್ಕಿಟ್ಟು ತಕ್ಷಣ ವೈದ್ಯರ ಹತ್ತಿರ ಹೋಗಬೇಕು.

ಮೂರನೆಯದು ಮೂಳೆ, ಸ್ನಾಯು, ಚರ್ಮದ ನೋವು. ಬೆಳಗ್ಗೆ ಎದ್ದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ಸ್ವಲ್ಪ ಓಡಾಡಿದ ಮೇಲೆ ಸಡಿಲವಾದರೆ ಅದು ಅಂಗಾಲಿನ ಪಟ್ಟಿಯ ಉರಿಯೂತ ಇರಬಹುದು. ಒಂದೇ ಜಾಗದಲ್ಲಿ, ಹೆಜ್ಜೆ ಊರಿದಾಗ ಮಾತ್ರ ನೋವು ಅಂದರೆ ಆಣಿ, ಗಟ್ಟಿ ಚರ್ಮ ಅಥವಾ ಶೂ ಒತ್ತಿದ್ದು ಇರಬಹುದು.

ಮನೆಯಲ್ಲಿ ಅಂದಾಜು ಮಾಡಬಹುದು, ಆದರೆ ಅಂದಾಜಿನ ಮೇಲೆ ವಾಕಿಂಗ್ ಹೆಚ್ಚಿಸಬೇಡಿ. ಪರೀಕ್ಷೆಗಳು ಸುಲಭದವು, ನೋವಿಲ್ಲದವು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ "ಗೊತ್ತಾಯ್ತಾ?" ಅಂತ ಕೇಳುತ್ತಾರೆ. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಅನ್ನು ಹೆಬ್ಬೆರಳಿಗೆ ತಾಗಿಸಿ ಕಂಪನ ತಿಳಿಯುತ್ತದಾ ನೋಡುತ್ತಾರೆ. ರಕ್ತದ ಹರಿವಿಗೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದು ಅರ್ಥ. ಶುಗರ್ ಹಳೆಯದಾದವರಲ್ಲಿ ರಕ್ತನಾಳದ ಗೋಡೆ ಗಡುಸಾಗಿ ಈ ಸಂಖ್ಯೆ ಸುಳ್ಳೇ ಚೆನ್ನಾಗಿ ಕಾಣುವುದುಂಟು. ಹಾಗಾಗಿ ಅನುಮಾನ ಇದ್ದರೆ ಕಾಲ್ಬೆರಳಿನ ರಕ್ತದೊತ್ತಡವನ್ನೂ ಅಳೆಯುತ್ತಾರೆ.

ಇನ್ನೊಂದು ಮಾತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಅದೂ ಇದೇ ಥರದ ಜೋಮು, ಉರಿ ತರುತ್ತದೆ. ಅದಕ್ಕೆ ಒಂದು ರಕ್ತ ಪರೀಕ್ಷೆ ಸಾಕು. ಎಲ್ಲವನ್ನೂ ಶುಗರ್ ತಲೆಗೇ ಕಟ್ಟಿಬಿಟ್ಟರೆ ಸುಲಭವಾಗಿ ಸರಿಹೋಗುವುದೂ ಉಳಿದುಬಿಡುತ್ತದೆ.

ಈ ಕೆಳಗಿನವು ಇದ್ದರೆ ಯಾವ ನಡಿಗೆಯೂ ಬೇಡ

ಅಂಗಾಲಿನಲ್ಲಿ ತೆರೆದ ಗಾಯ, ಹುಣ್ಣು, ಕೀವು, ಒಡೆದ ಬೊಬ್ಬೆ ಇದ್ದರೆ ವಾಕಿಂಗ್ ನಿಲ್ಲಿಸಿ. "ಚಿಕ್ಕದಲ್ವಾ, ನಿಧಾನಕ್ಕೆ ನಡೀತೀನಿ" ಅನ್ನಬೇಡಿ. ಪ್ರತಿ ಹೆಜ್ಜೆಯೂ ಆ ಗಾಯವನ್ನು ಮತ್ತೆ ಜಜ್ಜುತ್ತದೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ, ಊದಿಕೊಂಡಿರುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಉಳುಕಿರಬೇಕು ಅಂದುಕೊಂಡು ಜನ ನಡೆಯುತ್ತಲೇ ಇರುತ್ತಾರೆ. ಇದು ಶಾರ್ಕೋ ಪಾದ ಇರಬಹುದು. ಒಳಗೆ ಮೂಳೆಗಳು ಮೆತ್ತಗಾಗಿ, ಮುರಿದು, ಕೀಲುಗಳು ಜಾರುತ್ತಿರುತ್ತವೆ. ನಡೆದಷ್ಟೂ ಪಾದದ ಆಕಾರವೇ ಕೆಡುತ್ತದೆ. ಭಾರ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ, ಅವತ್ತೇ ವೈದ್ಯರಿಗೆ ತೋರಿಸಬೇಕು. ನಾಳೆ ನೋಡೋಣ ಅನ್ನುವ ಕಾಯಿಲೆಯಲ್ಲ.

ಸ್ಪರ್ಶವೇ ಕಡಿಮೆ ಇದ್ದರೆ ನಡೆಯಬಹುದಾ?

ಹಿಂದೆ "ಬೇಡ" ಅನ್ನುತ್ತಿದ್ದರು. ಸ್ಪರ್ಶ ಹೋದವರು ಸೈಕಲ್ ತುಳಿಯಲಿ, ಈಜಲಿ, ಪಾದಕ್ಕೆ ಭಾರ ಬೀಳುವ ವ್ಯಾಯಾಮ ಬೇಡ ಅನ್ನುವ ಸಲಹೆ ಬಹಳ ಕಾಲ ಇತ್ತು. 2008ರಲ್ಲಿ ಪ್ರಕಟವಾದ ಫೀಟ್ ಫಸ್ಟ್ ಅನ್ನುವ ಅಧ್ಯಯನದಲ್ಲಿ ನರದ ತೊಂದರೆ ಇದ್ದ 79 ಜನರನ್ನು ಒಂದು ವರ್ಷ ಗಮನಿಸಿದರು. ನಿಧಾನವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ, ಹೆಚ್ಚಿಸದವರಿಗಿಂತ ಪಾದದ ಹುಣ್ಣು ಗಣನೀಯವಾಗಿ ಜಾಸ್ತಿಯೇನೂ ಆಗಲಿಲ್ಲ. 2010ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಗಾಯ ಇಲ್ಲದವರು ಹದವಾಗಿ ನಡೆಯಬಹುದು ಅನ್ನುವ ನಿಲುವಿಗೆ ಬಂತು. ನಡಿಗೆಯನ್ನು ಪೂರ್ತಿ ಬಿಟ್ಟವರನ್ನು ನೋಡಿದರೆ ನನಗೆ ಸಂಕಟ ಆಗುವುದು ಇದಕ್ಕೇ. ಹೆದರಿಕೆಯಿಂದ ಬಿಡುವ ಅಗತ್ಯ ತುಂಬಾ ಜನಕ್ಕೆ ಇಲ್ಲ. ಸರಿಯಾದ ಶೂ ಮತ್ತು ದಿನಾ ಪಾದ ನೋಡುವ ಅಭ್ಯಾಸ ಇವೆರಡನ್ನು ಮಾತ್ರ ಬಿಡುವಂತಿಲ್ಲ.

ಒಂದೇ ಸಲ ಅರ್ಧ ಗಂಟೆಯಾ, ಹತ್ತು ಹತ್ತು ನಿಮಿಷವಾ?

ನನ್ನ ಮಟ್ಟಿಗೆ ಇದರಲ್ಲಿ ಅನುಮಾನವೇ ಇಲ್ಲ. ಪಾದ ನೋವಿರುವವರು ಹತ್ತು ಹತ್ತು ನಿಮಿಷವನ್ನೇ ಆರಿಸಿಕೊಳ್ಳಿ.

ಕಾರಣ ಎರಡು. ಒಂದು ಪಾದದ್ದು. ಉದ್ದ ನಡಿಗೆಯಲ್ಲಿ ಅದೇ ಜಾಗ ಸಾವಿರಾರು ಸಲ ಒತ್ತಿಸಿಕೊಳ್ಳುತ್ತದೆ. ಮಧ್ಯೆ ಬಿಡುವು ಸಿಗುವುದಿಲ್ಲ. ಚಿಕ್ಕ ತುಂಡುಗಳಾದರೆ ಪ್ರತಿ ಸಲ ಶೂ ಬಿಚ್ಚಿ ನೋಡಬಹುದು. ಕೆಂಪಗಿದ್ದರೆ ಮುಂದಿನ ತುಂಡನ್ನು ಬಿಡಬಹುದು. ಅರ್ಧ ಗಂಟೆ ನಡೆದ ಮೇಲೆ ಬೊಬ್ಬೆ ಕಂಡರೆ ತಡವಾಗಿರುತ್ತದೆ.

ಇನ್ನೊಂದು ಕಾರಣ ಶುಗರ್‌ದು. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 2 ಶುಗರ್ ಇದ್ದ 41 ಜನ ಎರಡೂ ರೀತಿ ಮಾಡಿ ನೋಡಿದರು. ಕೆಲವು ದಿನ ಯಾವಾಗಲಾದರೂ ಒಮ್ಮೆ 30 ನಿಮಿಷ, ಇನ್ನು ಕೆಲವು ದಿನ ಪ್ರತಿ ಮುಖ್ಯ ಊಟದ ನಂತರ 10 ನಿಮಿಷ. ಊಟದ ಮೇಲೆ ನಡೆದಾಗ, ಊಟದ ನಂತರ ಏರುವ ಶುಗರ್ ಸರಾಸರಿ ಶೇ. 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರ ಶೇ. 22ರಷ್ಟು ಕಡಿಮೆ. ಹೆಜ್ಜೆ ಅಷ್ಟೇ, ಲಾಭ ಜಾಸ್ತಿ.

ಉದ್ದ ನಡಿಗೆಗೆ ಗಟ್ಟಿ ಕಾರಣ ಒಂದಿದೆ, ಅದು ಮನಸ್ಸು. ಹೊರಗೆ ಒಂದಷ್ಟು ದೂರ ಹೋಗಿ ಬಂದರೆ ತಲೆ ಹಗುರ ಆಗುತ್ತದೆ. ಅದು ಬೇಕು ಅನಿಸಿದರೆ ವಾರಕ್ಕೆ ಒಂದೆರಡು ದಿನ ಇಟ್ಟುಕೊಳ್ಳಿ, ಮಧ್ಯೆ ಕೂರಲು ಜಾಗ ಇರುವ ದಾರಿ ಆರಿಸಿಕೊಳ್ಳಿ.

ಎರಡನೇ ಥರದ ನೋವು, ಅಂದರೆ ಮೀನಖಂಡ ಹಿಡಿಯುವವರಿಗೆ ಲೆಕ್ಕ ಬೇರೆ. ಅವರಿಗೆ ನಡಿಗೆಯೇ ಒಂದು ಔಷಧಿ. ನೋವು ಚೆನ್ನಾಗಿ ಹಿಡಿಯುವವರೆಗೆ ನಡೆದು, ನಿಂತು, ಬಿಟ್ಟ ಮೇಲೆ ಮತ್ತೆ ನಡೆಯುವುದು. ಹೀಗೆ ವಾರಕ್ಕೆ ಮೂರು ಸಲ, 30ರಿಂದ 45 ನಿಮಿಷ, ಕನಿಷ್ಠ 12 ವಾರ ಮಾಡಿಸುತ್ತಾರೆ. ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಆದರೆ ಇದನ್ನು ಹೃದಯದ ತಪಾಸಣೆ ಮಾಡಿಸಿ, ತರಬೇತಿ ಇರುವವರ ಕಣ್ಣೆದುರು ಶುರು ಮಾಡಬೇಕು. ಕಾಲಿನ ನಾಳ ಕಿರಿದಾಗಿರುವವರಲ್ಲಿ ಹೃದಯದ ನಾಳಗಳೂ ಕಿರಿದಾಗಿರುವ ಸಾಧ್ಯತೆ ಜಾಸ್ತಿ.

ಹೊರಗೆ, ಟ್ರೆಡ್‌ಮಿಲ್ ಮೇಲೆ, ಮನೆಯೊಳಗೆ

ಹೊರಗಿನ ದಾರಿಯಲ್ಲಿ ಗಾಳಿ, ಬೆಳಕು, ನೋಡಲು ನಾಲ್ಕು ಮುಖ. ಆದರೆ ಕಲ್ಲು, ಗುಂಡಿ, ಏರುತಗ್ಗು. ಅಂಗಾಲಿಗೆ ನೆಲ ಗೊತ್ತಾಗದವರು ಎಡವುವುದು ಹೆಚ್ಚು. ಕತ್ತಲಲ್ಲಂತೂ ಬೇಡವೇ ಬೇಡ. ಕಾಲಿನ ಸ್ಪರ್ಶ ಕಡಿಮೆಯಾದವರು ಸಮತೋಲನಕ್ಕೆ ಕಣ್ಣನ್ನೇ ನೆಚ್ಚಿಕೊಂಡಿರುತ್ತಾರೆ. ಬೆಳಕು ಹೋದರೆ ಆ ಆಸರೆಯೂ ಹೋಗುತ್ತದೆ.

ಟ್ರೆಡ್‌ಮಿಲ್‌ನಲ್ಲಿ ನೆಲ ಸಮ, ಹಿಡಿದುಕೊಳ್ಳಲು ಕಂಬಿ ಇದೆ, ಬೇಕೆಂದಾಗ ನಿಲ್ಲಿಸಬಹುದು. ಕೊರತೆ ಏನೆಂದರೆ ಪ್ರತಿ ಹೆಜ್ಜೆಯೂ ಒಂದೇ ಥರ ಬೀಳುತ್ತದೆ. ಒತ್ತಡ ಅದದೇ ಜಾಗಕ್ಕೆ. ವೇಗವನ್ನು ಯಂತ್ರ ಹೇಳುತ್ತದೆ, ಕಾಲು ಹೇಳುವುದಿಲ್ಲ. ಬೆಲ್ಟ್ ಓಡುತ್ತಿರುವಾಗ ಇಳಿಯಬೇಡಿ. ತುರ್ತು ನಿಲುಗಡೆಯ ಕ್ಲಿಪ್ ಅನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಬಿದ್ದರೆ ಹಿಡಿಯಲು ಕೈ ಮಾತ್ರ ಸಾಲದು.

ಮನೆಯೊಳಗಿನ ಓಡಾಟವನ್ನು ಜನ ವಾಕಿಂಗ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಅದು ಸರಿ ಅನಿಸುವುದಿಲ್ಲ. ಊಟದ ಮೇಲಿನ ಹತ್ತು ನಿಮಿಷಕ್ಕೆ ಇದಕ್ಕಿಂತ ಸುಲಭ ಯಾವುದೂ ಇಲ್ಲ. ಅಪಾಯ ಇರುವುದು ಒಂದೇ ಕಡೆ. ಮನೆಯಲ್ಲಿ ಬರಿಗಾಲು. ಶುಗರ್ ಇರುವವರ ಪಾದದ ಬಗೆಗಿನ ಅಂತಾರಾಷ್ಟ್ರೀಯ ಮಾರ್ಗಸೂಚಿ (IWGDF) ಸ್ಪಷ್ಟವಾಗಿ ಹೇಳುತ್ತದೆ: ಸ್ಪರ್ಶ ಹೋದವರು ಮನೆಯ ಒಳಗೂ ಹೊರಗೂ ಬರಿಗಾಲಲ್ಲಿ, ಬರೀ ಸಾಕ್ಸ್‌ನಲ್ಲಿ, ತೆಳು ಅಟ್ಟೆಯ ಚಪ್ಪಲಿಯಲ್ಲಿ ನಡೆಯಬಾರದು. ಬರಿಗಾಲಲ್ಲಿ ಓಡಾಡಿ ಬೆಳೆದವರಿಗೆ ಇದು ಕಷ್ಟ, ಗೊತ್ತು. ಒಂದು ಜೊತೆ ಶೂ ಮನೆಯೊಳಗಿಗೇ ಅಂತ ಬೇರೆ ಇಡಿ. ಹೊರಗಿನ ಧೂಳು ಅದಕ್ಕೆ ಅಂಟುವುದಿಲ್ಲ, ಮನಸ್ಸಿಗೂ ಒಪ್ಪುತ್ತದೆ.

ಮೂರರಲ್ಲಿ ಒಂದನ್ನೇ ಆರಿಸಿ ಅಂದರೆ? ಸ್ಪರ್ಶ ಚೆನ್ನಾಗಿದ್ದು ಬರೀ ಉರಿ ಇರುವವರು ಹೊರಗೆ ಹೋಗಿ. ಸ್ಪರ್ಶ ಕಡಿಮೆಯಾಗಿ ಕಾಲು ತಡವರಿಸುವವರು ಒಳಗೆ, ಇಲ್ಲವೇ ಕಂಬಿ ಹಿಡಿದು ನಿಧಾನವಾಗಿ ಟ್ರೆಡ್‌ಮಿಲ್ ಮೇಲೆ. ಬಿಸಿಲಿಗೆ ಕಾದ ನೆಲದ ಮೇಲೆ ಯಾರೂ ಬೇಡ. ಅಟ್ಟೆ ತೆಳ್ಳಗಿದ್ದರೆ ಶಾಖ ದಾಟಿ ಬರುತ್ತದೆ, ಸುಟ್ಟಿದ್ದು ತಿಳಿಯುವುದಿಲ್ಲ.

ನಡಿಗೆಯ ಬದಲು ಬೇರೆ ಏನಾದರೂ?

ಸ್ಥಿರ ಸೈಕಲ್‌ನಲ್ಲಿ ದೇಹದ ಭಾರ ಸೀಟಿನ ಮೇಲಿರುತ್ತದೆ, ಅಂಗಾಲಿಗೆ ಬೀಳುವ ಒತ್ತಡ ನಡಿಗೆಗಿಂತ ಕಡಿಮೆ. ಅಂಗಾಲಿನಲ್ಲಿ ಆಣಿ ಕಟ್ಟುವವರಿಗೆ, ಒತ್ತಿದ ಜಾಗ ಕೆಂಪಾಗುವವರಿಗೆ ಇದು ಒಳ್ಳೆಯ ಆಯ್ಕೆ. ಪೆಡಲ್‌ನಲ್ಲಿ ಬೆರಳಿನ ಮೇಲೆ ಬಿಗಿಯುವ ಪಟ್ಟಿ ಇದ್ದರೆ ಬಿಚ್ಚಿಡಿ. ಶೂ ಹಾಕಿಯೇ ತುಳಿಯಿರಿ. ಸೈಕಲ್ ಕೊಡದೇ ಇರುವುದು ಸಮತೋಲನ. ಅದು ನಿಂತು ನಡೆದರೆ ಮಾತ್ರ ಬರುತ್ತದೆ.

ನೀರಿನಲ್ಲಿ ನಡೆಯುವುದು ಎಲ್ಲಕ್ಕಿಂತ ಹಗುರ. ಸೊಂಟದ ಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಂಡಿ ನೋವೂ ಇರುವವರಿಗೆ ವರ. ಆದರೆ ಪಾದಕ್ಕೆ ಬೇರೆ ತೊಂದರೆಗಳಿವೆ. ಕೊಳದ ತಳ ಒರಟು, ಅಂಚು ಜಾರು, ನೆನೆದ ಚರ್ಮ ಬೇಗ ಕೀಳುತ್ತದೆ. ನೀರಿನ ಶೂ ಹಾಕದೆ ಇಳಿಯಬೇಡಿ. ಬಂದ ಮೇಲೆ ಬೆರಳ ಸಂದಿ ಒರೆಸದಿದ್ದರೆ ಫಂಗಸ್. ಚರ್ಮ ಎಲ್ಲಿಯಾದರೂ ಒಡೆದಿದ್ದರೆ ನೀರು ಬೇಡ.

ಕುರ್ಚಿ ವ್ಯಾಯಾಮ ನೋಡಲು ಏನೂ ಅಲ್ಲ ಅನಿಸುತ್ತದೆ. ಪಾದದಲ್ಲಿ ಗಾಯ ಆಗಿ ಭಾರ ಹಾಕಬೇಡಿ ಅಂದ ದಿನಗಳಲ್ಲಿ ಕೈಹಿಡಿಯುವುದು ಇದೇ. ತೋಳುಗಳನ್ನು ಬೀಸುವುದು, ಹಗುರ ತೂಕ ಎತ್ತುವುದು, ಮಂಡಿ ಚಾಚುವುದು. ನಡೆಯಲಾಗದ ವಾರಗಳಲ್ಲೂ ದೇಹ ಪೂರ್ತಿ ಸುಮ್ಮನೆ ಕೂರುವುದಿಲ್ಲ.

ಒಂದನ್ನೇ ಹಿಡಿದು ಕೂರುವ ಬದಲು ಬೆರೆಸುವುದು ಉತ್ತಮ. ಸಾಮಾನ್ಯ ಸಲಹೆ ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ, ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಬೇಡ ಅನ್ನುವುದು. ಆ 150ರಲ್ಲಿ ಎಲ್ಲವೂ ನಡಿಗೆಯೇ ಆಗಬೇಕು ಅಂತ ಯಾರೂ ಹೇಳಿಲ್ಲ. ಅರ್ಧ ನಡಿಗೆ, ಅರ್ಧ ಸೈಕಲ್ ಆದರೆ ಪಾದಕ್ಕೆ ದಿನ ಬಿಟ್ಟು ದಿನ ವಿಶ್ರಾಂತಿ ಸಿಗುತ್ತದೆ.

ಶೂ: ಎಲ್ಲಕ್ಕಿಂತ ದೊಡ್ಡ ಆಯ್ಕೆ

ಒಂದು ಸಣ್ಣ ಪರೀಕ್ಷೆ ಮಾಡಿ. ಕಾಗದದ ಮೇಲೆ ಬರಿಗಾಲಲ್ಲಿ ನಿಲ್ಲಿ, ಭಾರ ಎರಡೂ ಕಾಲ ಮೇಲೆ ಇರಲಿ. ಯಾರಾದರೂ ಪೆನ್ಸಿಲ್ ನೇರ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಈಗ ನಿಮ್ಮ ಶೂ ಅನ್ನು ಆ ಚಿತ್ರದ ಮೇಲಿಡಿ. ಗೆರೆ ಹೊರಗೆ ಕಾಣುತ್ತಿದೆಯಾ? ಅಷ್ಟು ಪಾದವನ್ನು ನೀವು ದಿನಾ ಒಳಗೆ ತುರುಕುತ್ತಿದ್ದೀರಿ. ಅಮ್ಮನ ಶೂ ಇಟ್ಟಾಗ ಕಿರುಬೆರಳಿನ ಪಕ್ಕ ಬೆರಳಗಲ ಗೆರೆ ಹೊರಗಿತ್ತು. ಅಮ್ಮನ ಕಿರುಬೆರಳಿನ ಮೇಲಿನ ಆಣಿಗೆ ಕಾರಣ ಅಲ್ಲೇ ಕಾಗದದ ಮೇಲೆ ಕಂಡಿತು.

ಸ್ಪರ್ಶ ಕಡಿಮೆ ಇರುವವರು ಬಿಗಿ ಶೂ ಕೊಳ್ಳುವುದು ಜಾಸ್ತಿ. ಕಾರಣ ಸರಳ: ಸರಿಯಾದ ಅಳತೆಯದು ಅವರಿಗೆ ಸಡಿಲ ಅನಿಸುತ್ತದೆ, ಒತ್ತಿದರೆ ಮಾತ್ರ "ಹಾಕಿದ್ದೀನಿ" ಅಂತ ಗೊತ್ತಾಗುತ್ತದೆ. ಹಾಗಾಗಿ "ಆರಾಮಾಗಿದೆ" ಅನ್ನುವ ಮಾತನ್ನು ನಂಬದೆ ಅಳೆಯಿರಿ. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಜಾಸ್ತಿ ಇರಬೇಕು. ಅಗಲ, ಬೆರಳುಗಳ ಬುಡದಲ್ಲಿ ಪಾದ ಎಷ್ಟು ಅಗಲವೋ ಅಷ್ಟು. ನಿಂತುಕೊಂಡು, ಸಂಜೆ ಹೊತ್ತು ಹಾಕಿ ನೋಡಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ.

ಈಗ ಹೋಲಿಕೆ. ಪಟ್ಟಿ ಇಲ್ಲದೆ ಸುಮ್ನೆ ತೂರಿಸಿಕೊಳ್ಳುವ ಶೂ ವ್ಯಾಯಾಮಕ್ಕೆ ಬೇಡ. ಪಾದ ಒಳಗೆ ಜಾರುತ್ತದೆ. ಜಾರಿದರೆ ಉಜ್ಜುತ್ತದೆ, ಉಜ್ಜಿದರೆ ಬೊಬ್ಬೆ. ಬೆರಳ ಮಧ್ಯೆ ಪಟ್ಟಿ ಬರುವ ಚಪ್ಪಲಿಯೂ ಬೇಡ, ಸಂದಿ ಕಿತ್ತುಹೋಗುತ್ತದೆ. ದಾರ ಅಥವಾ ವೆಲ್‌ಕ್ರೋ ಇರುವ, ಮುಂಭಾಗ ಅಗಲ ಮತ್ತು ಎತ್ತರ ಇರುವ, ಅಟ್ಟೆ ದಪ್ಪ ಇರುವ ವಾಕಿಂಗ್ ಶೂ ಸ್ಪರ್ಶ ಚೆನ್ನಾಗಿರುವವರಿಗೆ ಸಾಕು. ಸ್ಪರ್ಶ ಹೋಗಿದ್ದರೂ ಪಾದದ ಆಕಾರ ಸರಿಯಿದ್ದರೆ, ಒಳಗೆ ಹೆಚ್ಚು ಆಳ ಇದ್ದು ಮೆತ್ತನೆಯ ಇನ್‌ಸೋಲ್ ಹಾಕಲು ಜಾಗ ಇರುವ ಶೂ ನೋಡಿ. ಬೆರಳು ಮಡಚಿಕೊಂಡಿದ್ದರೆ, ಹೆಬ್ಬೆರಳಿನ ಗಂಟು ಹೊರಬಂದಿದ್ದರೆ, ಹಿಂದೆ ಹುಣ್ಣು ಆಗಿ ಮಾಸಿದ್ದರೆ, ಅಂಗಡಿಯ ಸಿದ್ಧ ಶೂ ಸಾಲದು. ಪಾದದ ಅಚ್ಚು ತೆಗೆದು ಮಾಡಿಸಿದ ಇನ್‌ಸೋಲ್, ಮುಂದಕ್ಕೆ ದೋಣಿಯ ತಳದ ಹಾಗೆ ಬಾಗಿದ ಅಟ್ಟೆ ಬೇಕಾಗಬಹುದು. ಬಾಗಿದ ಅಟ್ಟೆ ಪಾದವನ್ನು ಉರುಳಿಸಿಕೊಂಡು ಹೋಗುವುದರಿಂದ ಬೆರಳುಗಳ ಬುಡಕ್ಕೆ ಬೀಳುವ ಒತ್ತಡ ಇಳಿಯುತ್ತದೆ. ಆದರೆ ಸಮತೋಲನ ಕಡಿಮೆ ಇರುವವರಿಗೆ ಅದೇ ಶೂ ತೂಗಾಡಿಸುತ್ತದೆ. ಕೊಳ್ಳುವ ಮೊದಲು ಹಾಕಿ ನಡೆದು ನೋಡಲೇಬೇಕು. ಹುಣ್ಣು ಮಾಸಿದವರಲ್ಲಿ ಸುಮಾರು ಶೇ. 40 ಜನಕ್ಕೆ ಒಂದು ವರ್ಷದೊಳಗೆ ಮತ್ತೆ ಹುಣ್ಣು ಆಗುತ್ತದೆ. ಹಾಗಾಗಿ ಈ ಗುಂಪಿನವರು ಶೂ ವಿಷಯದಲ್ಲಿ ಉಳಿತಾಯ ನೋಡಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಹೊಸ ಶೂ ಹಾಕಿದ ದಿನವೇ ಉದ್ದ ನಡಿಗೆ ಬೇಡ. ಮೊದಲ ದಿನ ಅರ್ಧ ಗಂಟೆ ಮನೆಯಲ್ಲೇ ಹಾಕಿ, ಬಿಚ್ಚಿ, ನೋಡಿ. ಕೆಂಪು ಗುರುತು ಸ್ವಲ್ಪ ಹೊತ್ತಿಗೆ ಮಾಯವಾಗದಿದ್ದರೆ ಆ ಶೂ ನಿಮ್ಮದಲ್ಲ. ಸಾಕ್ಸ್ ಹೊಲಿಗೆಯ ಗಂಟು ಇಲ್ಲದ್ದಿರಲಿ, ಮೇಲ್ಗಡೆ ಎಲಾಸ್ಟಿಕ್ ಬಿಗಿ ಇಲ್ಲದ್ದಿರಲಿ. ಬಣ್ಣ ತಿಳಿಯಾಗಿದ್ದರೆ ರಕ್ತ, ನೀರು ಸೋರಿದ ಕಲೆ ಕಣ್ಣಿಗೆ ಬೀಳುತ್ತದೆ. ಕಪ್ಪು ಸಾಕ್ಸ್ ಎಲ್ಲವನ್ನೂ ಮುಚ್ಚುತ್ತದೆ.

ಮತ್ತೆ, ಹಾಕುವ ಮೊದಲು ಶೂ ತಲೆಕೆಳಗು ಮಾಡಿ ಕೊಡವಿ. ಕೈ ಒಳಗೆ ಹಾಕಿ ತಡವಿ. ಗುಂಡಿ ನೆನಪಿದೆಯಲ್ಲ.

ವೇಗ, ಕೋಲು, ಕಡಿಮೆ ಶುಗರ್

ವೇಗ ಹೆಚ್ಚಿದಷ್ಟೂ, ಹೆಜ್ಜೆ ಉದ್ದವಾದಷ್ಟೂ ಪಾದದ ಮುಂಭಾಗಕ್ಕೆ ಒತ್ತಡ ಜಾಸ್ತಿ. ಚಿಕ್ಕ ಹೆಜ್ಜೆ, ಹದವಾದ ವೇಗ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಶುಗರ್‌ನಿಂದ ಹೃದಯದ ನರಗಳಿಗೂ ತೊಂದರೆ ಆಗಿರುವವರಲ್ಲಿ ನಾಡಿಬಡಿತದ ಲೆಕ್ಕ ಕೈಕೊಡುತ್ತದೆ, ಈ ಮಾತಿನ ಅಳತೆಯೇ ವಾಸಿ. ಕೋಲು ಹಿಡಿಯಲು ನಾಚಿಕೆ ಬೇಡ. ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಎರಡು ಕೋಲು ಹಿಡಿದು ನಡೆಯುವುದು ಎಷ್ಟೋ ಮೇಲು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ಶುಗರ್ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. 70ಕ್ಕಿಂತ ಇಳಿದರೆ ನಡುಕ, ಬೆವರು. ಆದರೆ ನರದ ತೊಂದರೆ ಇರುವವರಿಗೆ ಈ ಎಚ್ಚರಿಕೆಗಳೂ ಬಾರದೆ ಹೋಗಬಹುದು.

ಹೆಚ್ಚಿಸುವುದು ಯಾವಾಗ, ಇಳಿಸುವುದು ಯಾವಾಗ?

ಪಾದದ ಹುಣ್ಣಿನ ಅಪಾಯ ಕಡಿಮೆ ಅಥವಾ ಮಧ್ಯಮ ಇರುವವರು ಈಗ ನಡೆಯುವುದಕ್ಕಿಂತ ದಿನಕ್ಕೆ 1,000 ಹೆಜ್ಜೆ ಹೆಚ್ಚಿಸಿಕೊಳ್ಳುವುದು ಬಹುಮಟ್ಟಿಗೆ ಸುರಕ್ಷಿತ ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದು ಸುಮಾರು ಹತ್ತು ನಿಮಿಷದ ನಡಿಗೆ. ಒಂದೇ ದಿನ ಏರಿಸದೆ ವಾರಗಳ ಮೇಲೆ ಹಂಚಿಕೊಳ್ಳಿ. 10,000 ಹೆಜ್ಜೆಯ ಗುರಿಯನ್ನು ಮೊಬೈಲ್ ನೆನಪಿಸುತ್ತಿದ್ದರೆ ಆ ಸೂಚನೆಯನ್ನು ಆಫ್ ಮಾಡಿಬಿಡಿ. ಅದು ನಿಮ್ಮ ಪಾದವನ್ನು ನೋಡಿಲ್ಲ.

ನಡೆದು ಬಂದ ಮೇಲೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಪಾದ ನೋಡಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಉಗುರಿನ ಅಂಚು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಕಾಲು ಎತ್ತಿ ಹಿಡಿಯಿರಿ. ಕಣ್ಣು ಮಂಜಾಗಿದ್ದರೆ ಮನೆಯವರು ನೋಡಲಿ. ಎರಡೂ ಪಾದದ ಒಂದೇ ಜಾಗವನ್ನು ಮುಟ್ಟಿ ಹೋಲಿಸಿ. ಥರ್ಮಾಮೀಟರ್‌ನಲ್ಲಿ ಅಳೆಯುವವರಿಗೆ ಲೆಕ್ಕ ಇದು: ಎರಡು ಪಾದಗಳ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಸತತ ಎರಡು ದಿನ ಕಂಡರೆ ನಡಿಗೆ ಇಳಿಸಿ, ವೈದ್ಯರನ್ನು ಕಾಣಬೇಕು. ಹುಣ್ಣಾಗುವ ಮೊದಲು ಆ ಜಾಗ ಬಿಸಿಯಾಗುತ್ತದೆ.

ಉರಿ ಮಾತ್ರ ಜಾಸ್ತಿಯಾಗಿ ಚರ್ಮ ಚೆನ್ನಾಗಿದ್ದರೆ? ನಡಿಗೆ ಬಿಡಬೇಡಿ, ತುಂಡುಗಳನ್ನು ಚಿಕ್ಕದು ಮಾಡಿ. ರಾತ್ರಿ ನಿದ್ದೆ ಕೆಡುತ್ತಿದ್ದರೆ ಡಾಕ್ಟರ್‌ಗೆ ಹೇಳಿ. ಪ್ರೆಗಾಬಾಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಥರದ ಔಷಧಿಗಳಿವೆ. ಕೆಲವಕ್ಕೆ ತಲೆಸುತ್ತು, ಮಂಪರು ಬರುತ್ತದೆ. ಹಾಗಾಗಿ ಶುರು ಮಾಡಿದ ಹೊಸದರಲ್ಲಿ ಒಬ್ಬರೇ ವಾಕಿಂಗ್ ಹೋಗಬೇಡಿ. ಉರಿ ಅಂತ ಬಿಸಿನೀರಿನಲ್ಲಿ ಕಾಲು ಇಡುವುದು, ಹೀಟಿಂಗ್ ಪ್ಯಾಡ್ ಕಟ್ಟುವುದು ಮಾತ್ರ ಬೇಡ. ಪಾದ ತೊಳೆಯುವ ನೀರೂ 37 ಡಿಗ್ರಿಗಿಂತ ಕಡಿಮೆ ಇರಲಿ. ಅದನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ, ಕಾಲಿನಲ್ಲಿ ಅಲ್ಲ.

ಉರಿ ಇಲ್ಲದೆ ಕೆಂಪು, ಬೊಬ್ಬೆ ಅಥವಾ ಆಣಿಯ ಕೆಳಗೆ ಕಪ್ಪು ಚುಕ್ಕೆ ಕಂಡರೆ ಅವತ್ತಿನಿಂದಲೇ ನಡಿಗೆ ನಿಲ್ಲಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿ ಕರಗಿಸುವ ಪ್ಲಾಸ್ಟರ್ ಹಚ್ಚಬೇಡಿ. ಅದು ಪಾದದ ತಜ್ಞರ ಕೆಲಸ.

ಅಮ್ಮ ಈಗ ಮಧ್ಯಾಹ್ನ ಮತ್ತು ರಾತ್ರಿ ಊಟದ ಮೇಲೆ ಮನೆಯೊಳಗೆ ಹತ್ತು ಹತ್ತು ನಿಮಿಷ ನಡೆಯುತ್ತಾರೆ, ಬೆಳಗ್ಗೆ ದಿನ ಬಿಟ್ಟು ದಿನ ಸೈಕಲ್, ವಾರಕ್ಕೆ ಎರಡು ಸಲ ನನ್ನ ಜೊತೆ ಹೊರಗೆ. ಹೋದ ತಿಂಗಳು ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಚರ್ಮ ಮತ್ತೆ ಗಟ್ಟಿಯಾಗತೊಡಗಿತ್ತು. ಕನ್ನಡಿಯಲ್ಲಿ ಮೊದಲು ಕಂಡಿದ್ದು ಅಮ್ಮನಿಗೇ. ಎರಡು ವಾರ ಹೊರಗಿನ ನಡಿಗೆ ಬಿಟ್ಟು, ಇನ್‌ಸೋಲ್ ಬದಲಿಸಿದೆವು.